ಶಟರ್ ಎಳೆದ ಆ ಅರ್ಧ ಗಂಟೆ

ಮೇಸ್ತ್ರಿಯವರೇ,

ನಿಮ್ಮ ರತ್ನ ಮಾಡುವ ನಮಸ್ಕಾರ. ನೀವು ಎದೆನೋವಿನಲ್ಲಿ ಹೋಗಿ ಎರಡು ವರ್ಷವಾಯಿತು, ಈಗ ಕಾಗದ ಬರೆಯುತ್ತಿದ್ದಾಳಲ್ಲ ಎಂದು ಬೈಯಬೇಡಿ. ನನಗೊಂದು ಪ್ರಶ್ನೆ ಹುಟ್ಟಿತ್ತು. ತಲೆಯಲ್ಲಿ ಪ್ರಶ್ನೆ ಹೊಕ್ಕರೆ ನನ್ನ ಕೈಗೆ ಕೆಲಸ ಹತ್ತುವುದಿಲ್ಲ ಎಂಬುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದರ ಹಿಂದೆ ಬಿದ್ದು ಎಲ್ಲೆಲ್ಲೋ ಹೋಗಿ ಬಂದೆ. ಸಿಕ್ಕ ಉತ್ತರ ನನಗಿಂತ ಹೆಚ್ಚಾಗಿ ನಿಮಗೆ ಸೇರಬೇಕಾದದ್ದು.

ಹೊನ್ನಾಳಿಯ ನಿಮ್ಮ ಅಂಗಡಿಗೆ ನಾನು ಮೊದಲ ಸಲ ಬಂದ ದಿನ ನೆನಪಿದೆಯೇ? ಬ್ಲೌಸ್ ಹೊಲಿದುಕೊಂಡಿದ್ದವಳು ಆಟೋ ಸೀಟಿನ ಕವರ್ ಹೊಲಿಯುತ್ತೇನೆಂದು ಬಂದು ನಿಂತಾಗ ನೀವು ನಗಲಿಲ್ಲ. ಒಂದು ತುಂಡು ರೆಕ್ಸಿನ್ ಕೈಗಿತ್ತು, "ಬಟ್ಟೆ ಥರ ಬಿಚ್ಚಿ ಹೊಲಿಯಾಕೆ ಬರಲ್ಲ ಕಣವ್ವ. ಇದಕ್ಕೆ ಸೂಜಿ ಬಿದ್ದ ತೂತು ಹಂಗೇ ಉಳೀತೈತೆ. ಮೊದ್ಲು ಯೋಚ್ನೆ ಮಾಡು, ಆಮ್ಯಾಕೆ ತುಳಿ" ಎಂದಿರಿ. ಬೆಳಕು ಬೇಕೆಂದು ನನ್ನ ಮಷಿನ್ನನ್ನು ಹೊರಗಿನ ಕಟ್ಟೆಯ ಮೇಲೆ ಹಾಕಿಸಿದಿರಿ. ಒಳಗೆ ನೀವು, ಫೋಮು, ರೆಕ್ಸಿನ್ ಅಂಟಿಸುವ ಸಲೂಷನ್ ಡಬ್ಬಿ. ಆರು ವರ್ಷ ನಾವು ಕೆಲಸ ಮಾಡಿದ್ದು ಹಾಗೆಯೇ.

ಶಟರ್ ಯಾಕೆ ಎಳೆಯುತ್ತೀರಿ ಎಂದು ಒಂದು ಮಧ್ಯಾಹ್ನ ಕೇಳಿದ್ದೆ. ಸಲೂಷನ್ ಬಳಿಯುವ ಹೊತ್ತಿಗೆ ನೀವು ಶಟರ್ ಪೂರ್ತಿ ಕೆಳಗೆ ಎಳೆದುಕೊಳ್ಳುತ್ತಿದ್ದಿರಿ. "ರೋಡಿನ ಧೂಳು ಅಂಟಿನ ಮ್ಯಾಲೆ ಕೂತ್ರೆ ನಾಳೆ ರೆಕ್ಸಿನ್ ಬಿಟ್ಕಂತೈತೆ" ಎಂದಿರಿ. ಹಾಗಾದರೆ ಫ್ಯಾನ್? "ಫ್ಯಾನ್ ಹಾಕಿದ್ರೆ ಮ್ಯಾಲೆ ಕೆನೆ ಕಟ್ತೈತೆ, ಒಳಗೆ ಹಸೀನೇ ಇರ್ತೈತೆ. ನಿನ್ನ ಪ್ರಶ್ನೆಗೆಲ್ಲ ಉತ್ತರ ಕೊಡೋ ಹೊತ್ತಿಗೆ ಎರಡು ಸೀಟು ಮುಗೀತಾವೆ!" ಅಂಟು ಹದಕ್ಕೆ ಬಂದಿದೆಯೇ ಎಂದು ತಿಳಿಯಲು ನೀವು ಮೂಗನ್ನೇ ಅದರ ಹತ್ತಿರ ಹಿಡಿಯುತ್ತಿದ್ದಿರಿ. ಘಾಟು ಇಳಿದರೆ ಅಂಟಿಸಬಹುದು, ಇಳಿಯದಿದ್ದರೆ ಇನ್ನೊಂದು ಗಳಿಗೆ ಕಾಯಬೇಕು. ಮೇಸ್ತ್ರಿಯ ಮೂಗು ಎಂದರೆ ಮೂಗು ಎಂದು ನಾನೇ ಊರ ತುಂಬ ಹೇಳಿಕೊಂಡು ಬಂದಿದ್ದೆ.

ಆ ಅರ್ಧ ಗಂಟೆ ಮುಗಿಸಿ ನೀವು ಹೊರಗೆ ಬರುತ್ತಿದ್ದ ರೀತಿ ಈಗಲೂ ಕಣ್ಣ ಮುಂದಿದೆ. ಕಣ್ಣು ಕೆಂಪು, ಮಾತು ಸ್ವಲ್ಪ ತೊದಲು. ಕಟ್ಟೆ ಇಳಿಯುವಾಗ ಗೋಡೆ ಹಿಡಿಯುತ್ತಿದ್ದಿರಿ. ಬರಬರುತ್ತಾ ನಡಿಗೆಯೇ ಕೆಟ್ಟಿತು. ಬೆಳಗ್ಗೆ ಮನೆಯಿಂದ ಬರುವಾಗಲೂ ಕಾಲು ಎತ್ತೆತ್ತಿ ಇಡುತ್ತಿದ್ದಿರಿ. ಒಮ್ಮೆ ದಬ್ಬಳ ಬೆರಳಿಗೆ ಹೊಕ್ಕು ರಕ್ತ ಸುರಿಯುತ್ತಿದ್ದರೂ ನಿಮಗೆ ತಿಳಿಯಲಿಲ್ಲ, ನಾನೇ ಕೂಗಿ ಹೇಳಬೇಕಾಯಿತು. ಹಾಡುಹಗಲೇ ಶಟರ್ ಎಳೆದುಕೊಂಡು ಒಳಗೆ ಕೂರುವ ಗಂಡಸು, ಹೊರಗೆ ಬಂದರೆ ತೂರಾಡುತ್ತಾನೆ. ಬೀದಿಯವರಿಗೆ ಲೆಕ್ಕ ಹಾಕಲು ಇನ್ನೇನು ಬೇಕಿತ್ತು? ಕುಡಿಯುತ್ತಾನೆ ಎಂದರು. ಕಟ್ಟೆಯ ಮೇಲೆ ಮೂರು ಮಾರು ದೂರದಲ್ಲಿ ಕುಳಿತಿದ್ದ ನಾನೂ… ಹೌದು ಮೇಸ್ತ್ರಿ, ನಾನೂ ನಂಬಿದೆ. ಎಲ್ಲದಕ್ಕೂ ಯಾಕೆ ಯಾಕೆ ಎಂದು ಪೀಡಿಸುತ್ತಿದ್ದವಳು ಅದೊಂದನ್ನು ಮಾತ್ರ ಕೇಳಲಿಲ್ಲ.

ನಿಮ್ಮ ಹೆಂಡತಿ ಗಂಗಕ್ಕ ನಿಮ್ಮ ಕೈಲಿ ಆಣೆ ಮಾಡಿಸಿದ ದಿನ ನಾನು ನಿಮ್ಮ ಮನೆಯಲ್ಲೇ ಇದ್ದೆ. ಮಗಳು ಸುಮ ಜಗಳೂರಿನಿಂದ ಬಂದಿದ್ದಳು, ಮೂರು ತಿಂಗಳ ಬಸುರಿ. "ಇವಳ ತಲೆ ಮುಟ್ಟಿ ಹೇಳ್ರಿ, ಕುಡಿಯಲ್ಲ ಅಂತ" ಎಂದರು ಗಂಗಕ್ಕ. ನೀವು ತಲೆ ಮುಟ್ಟಿ, "ಹಿಂದೇನೂ ಕುಡಿದಿಲ್ಲ, ಮುಂದೇನೂ ಕುಡಿಯಲ್ಲ" ಎಂದಿರಿ. ಮರುದಿನವೇ ಅಂಗಡಿಯಿಂದ ತೂರಾಡುತ್ತಾ ಮನೆಗೆ ಹೋದಿರಿ. ಇಪ್ಪತ್ತು ದಿನಕ್ಕೆ ಸುಮಳ ಹೊಟ್ಟೆಯಲ್ಲಿದ್ದ ಕೂಸು ಉಳಿಯಲಿಲ್ಲ. ಆಣೆ ತಪ್ಪಿದ್ದಕ್ಕೇ ಹೀಗಾಯಿತೆಂದು ಗಂಗಕ್ಕ ನಿಮಗೆ ಅಂದ ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ. ಆಮೇಲೆ ನೀವು ಜಗಳೂರಿಗೆ ಕಾಲಿಡಲಿಲ್ಲ, ಸುಮ ಕರೆಯಲೂ ಇಲ್ಲ. ಮುಂದೆ ಅವಳಿಗೆ ಹೆಣ್ಣು ಮಗು ಹುಟ್ಟಿದಾಗಲೂ.

ನಿಮ್ಮ ಅಂಗಡಿಯಲ್ಲಿ ಕೊನೆಯ ದಿನ ನಾನು ಆಡಿದ ಮಾತು ನನ್ನನ್ನು ಇನ್ನೂ ತಿನ್ನುತ್ತಿದೆ. ಚನ್ನಗಿರಿ ಕಡೆಯ ಯಾರದೋ ಜೀಪಿನ ಸೀಟಿಗೆ ಹೊಲಿಗೆ ಸೊಟ್ಟ ಬಂದಿದೆ ಎಂದು ನೀವು ತೋರಿಸಿದಿರಿ. ತಪ್ಪು ನನ್ನದೇ. ಆದರೂ, "ಮೊದ್ಲು ನೀವು ನೆಟ್ಟಗೆ ನಿಂತ್ಕಳ್ರಿ, ಆಮೇಲೆ ನನ್ನ ಹೊಲಿಗೆ ನೋಡಿ" ಎಂದುಬಿಟ್ಟೆ. ನೀವು ಹೂಂ ಎಂದಿರಿ, ಅಷ್ಟೇ. ಮುಂದಿನ ತಿಂಗಳು ನ್ಯಾಮತಿಯಲ್ಲಿ ನನ್ನದೇ ಅಂಗಡಿ ಇಟ್ಟೆ.

ಮೊನ್ನೆ ಬೇಸಿಗೆಯಲ್ಲಿ ನ್ಯಾಮತಿ ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬಾಕೆ, "ಅಕ್ಕಾ, ನಿನ್ ಚಪ್ಲಿ ಇಲ್ಲೇ ಬಿತ್ತು ನೋಡು!" ಎಂದು ಕೂಗಿದಳು. ನೋಡಿದರೆ ಎಡಗಾಲು ಬರಿಗಾಲು. ಕಾದ ಡಾಂಬರಿನ ಮೇಲೆ ಹತ್ತು ಹೆಜ್ಜೆ ನಡೆದಿದ್ದೇನೆ, ಗೊತ್ತೇ ಆಗಿಲ್ಲ! ಅಲ್ಲೇ ನಿಂತುಬಿಟ್ಟೆ. ನಾನು ಕುಡಿಯುವವಳಲ್ಲ. ಮತ್ತೆ ನನ್ನ ಕಾಲು ಯಾಕೆ ಹೀಗೆ? ಇಲ್ಲಿ ಹೊಲಿಯುವವಳೂ ನಾನೇ, ಅಂಟು ಬಳಿಯುವವಳೂ ನಾನೇ. ಶಟರ್ ಎಳೆದೇ ಬಳಿಯುತ್ತಿದ್ದೆ, ನೀವು ಕಲಿಸಿದಂತೆಯೇ. ಅಂಟಿನ ಹತ್ತಿರ ಮೂಗು ಒಯ್ದೇ ಹದ ನೋಡುತ್ತಿದ್ದೆ. ಕೈಗೆ ಹತ್ತಿದ ಅಂಟನ್ನು ಥಿನ್ನರಿನಲ್ಲೇ ತೊಳೆಯುತ್ತಿದ್ದೆ.

ಆ ವಾರ ನಾನು ಮಾಡಿದ್ದನ್ನು ಕೇಳಿದರೆ ನೀವು ನಗುತ್ತೀರಿ. ಐದು ದಿನ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ, ಬರೀ ಹೊಲಿಗೆ. ತಲೆನೋವು ಮಾಯ, ಕಣ್ಣುರಿ ಮಾಯ. ಆರನೆಯ ದಿನ ಬೇಕೆಂದೇ ಶಟರ್ ಎಳೆದು ಒಂದು ಬೈಕ್ ಸೀಟಿಗೆ ಅಂಟು ಬಳಿದೆ. ಹೊರಗೆ ಬಂದಾಗ ಸಂತೇಬೆನ್ನೂರಿನಿಂದ ಸೀಟು ತಂದಿದ್ದ ಗಿರಾಕಿ ನನ್ನನ್ನು ಮೇಲೆ ಕೆಳಗೆ ನೋಡಿ, "ಯಾಕಕ್ಕಾ, ಒಂಥರಾ ಇದೀರಿ? ಬೆಳಗ್ಗೇನೇ ಶುರು ಹಚ್ಕಂಡ್ರಾ?" ಎಂದು ತಮಾಷೆ ಮಾಡಿದ. ಅವನು ನಕ್ಕ. ನನಗೆ ನೀವು ಗೋಡೆ ಹಿಡಿದು ಕಟ್ಟೆ ಇಳಿಯುತ್ತಿದ್ದದ್ದು ಕಣ್ಣ ಮುಂದೆ ಬಂತು.

ದಾವಣಗೆರೆಯ ಡಾಕ್ಟರಮ್ಮ ಮೊದಲು ಸಕ್ಕರೆ ಕಾಯಿಲೆ ನೋಡಿಸಿದರು. ಇರಲಿಲ್ಲ. ಕಣ್ಣು ಮುಚ್ಚಿಸಿ ಪಾದಕ್ಕೆ ಹತ್ತಿ ಮುಟ್ಟಿಸಿದರು, ಮುಟ್ಟಿದ್ದು ಎಷ್ಟೋ ಸಲ ನನಗೆ ತಿಳಿಯಲಿಲ್ಲ. ಏನು ಕೆಲಸ ಎಂದು ಕೇಳಿ, ಡಬ್ಬಿ ತರಿಸಿ, ಇರುವೆಯಷ್ಟು ಸಣ್ಣ ಅಕ್ಷರವನ್ನೆಲ್ಲ ಓದಿದರು. ನಾವು ಎಷ್ಟು ಡಬ್ಬಿ ಖಾಲಿ ಮಾಡಿರಬಹುದು ಮೇಸ್ತ್ರಿ, ಒಂದು ದಿನವಾದರೂ ಅದನ್ನು ಓದಿದ್ದೆವೇ? ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದರ ಆವಿ ಕುಡಿದರೆ ತಲೆ ತಿರುಗುತ್ತದಂತೆ, ನಾಲಿಗೆ ತೊದಲುತ್ತದಂತೆ. ವರ್ಷಗಟ್ಟಲೆ ಕುಡಿದರೆ ಕೈಕಾಲಿನ ನರ ಸೋಲುತ್ತದಂತೆ. ಬೇಗ ಬಿಟ್ಟರೆ ನಿಧಾನಕ್ಕೆ ಬಹುಮಟ್ಟಿಗೆ ಸರಿಹೋಗಬಹುದಂತೆ. ನಾನು ನಿಮ್ಮ ನಡಿಗೆಯನ್ನು ಎದ್ದು ನಿಂತು ನಡೆದೇ ತೋರಿಸಿದೆ. "ನಾನು ನೋಡದೇ ಇರೋರ ಬಗ್ಗೆ ಖಂಡಿತ ಅಂತ ಹೇಳಬಾರದು ರತ್ನಮ್ಮ. ಆದ್ರೆ ನೀವು ಹೇಳಿದ್ದೆಲ್ಲ ಇದಕ್ಕೇ ಹೊಂದುತ್ತೆ. ಕುಡಿದಿದಾರೆ ಅಂತ ಜನ ತಿಳ್ಕೊಂಡಿದ್ರೆ ಆಶ್ಚರ್ಯ ಇಲ್ಲ" ಎಂದರು.

ಈಗ ನನ್ನ ಅಂಗಡಿಗೆ ಬಂದರೆ ನೀವು ಗುರುತೇ ಹಿಡಿಯಲಾರಿರಿ. ಅಂಟಿನ ಕೆಲಸವೆಲ್ಲ ಹಿತ್ತಲಿನ ಬಯಲಲ್ಲಿ. ಧೂಳಿಗೇನು ಮಾಡಿದೆ ಕೇಳಿ! ಮೊದಲು ನೆಲಕ್ಕೆ ನೀರು ಚಿಮುಕಿಸುತ್ತೇನೆ, ರಸ್ತೆ ಕಡೆಗೆ ಹಸಿ ಗೋಣಿತಾಟು ಇಳಿಬಿಡುತ್ತೇನೆ, ಗಾಳಿ ಬರುವ ಕಡೆ ಬೆನ್ನು ಹಾಕಿ ನಿಲ್ಲುತ್ತೇನೆ. ಒಂದು ಸೀಟೂ ಬಿಟ್ಟುಕೊಂಡು ವಾಪಸ್ ಬಂದಿಲ್ಲ. ಹದ ನೋಡಲು ಮೂಗು ಬೇಡ. ತುದಿಯಲ್ಲೊಂದು ರೆಕ್ಸಿನ್ ಚೂರು ಒತ್ತಿ ಎತ್ತಿದರೆ ತಿಳಿಯುತ್ತದೆ. ಕಾಲು ಅಲ್ಪಸ್ವಲ್ಪ ಜುಮ್ಮೆನ್ನಲು ಶುರುವಾಗಿದೆ, ಅದು ಒಳ್ಳೆಯದಂತೆ. ಇಷ್ಟು ಸುಲಭದ್ದು ನಮಗೆ ಯಾಕೆ ಹೊಳೆಯಲಿಲ್ಲ? ಕೆಲಸ ಕೆಡಬಾರದು ಎಂಬುದೊಂದೇ ನಿಮ್ಮ ತಲೆಯಲ್ಲಿತ್ತು. ಮೈ ಕೆಡುತ್ತದೆ ಎಂದು ಯಾರು ಹೇಳಿದ್ದರು?

ಹೋದ ಸೋಮವಾರ ಬಸ್ ಹತ್ತಿ ಹೊನ್ನಾಳಿಗೆ ಹೋದೆ. ಗಂಗಕ್ಕ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಎಲ್ಲ ಹೇಳಿದೆ. ನನ್ನ ಚಪ್ಪಲಿ, ಡಬ್ಬಿಯ ಅಕ್ಷರ, ಡಾಕ್ಟರಮ್ಮ ಖಂಡಿತ ಎನ್ನದೆ ಹೇಳಿದ ಮಾತು, ನಾನು ನಿಮಗೆ ಅಂದ ಮಾತು. ಅವರು ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟರು. ಆಮೇಲೆ, "ಹಂಗಾದ್ರೆ ಅವ್ರು ಆಣೆ ತಪ್ಪಿರ್ಲಿಲ್ಲ?" ಎಂದರು.

"ತಪ್ಪಿರ್ಲಿಲ್ಲ ಅಂತ್ಲೇ ನಾನು ನಂಬೀನಿ ಗಂಗಕ್ಕ."

"ಬಾಯಿ ಮೂಸಿ ನೋಡ್ತಿದ್ದೆ ಕಣೆ ರತ್ನ. ಬರೀ ಸಲೂಷನ್ ವಾಸ್ನೆ. ಅದ್ರಲ್ಲೇ ಮುಚ್ಚಿಡ್ತಾರೆ ಅಂದ್ಕಂಡಿದ್ದೆ." ಹೀಗೆಂದವರೇ ಫೋನ್ ತೆಗೆದು ಸುಮಳಿಗೆ ಹಚ್ಚಿದರು. "ಸುಮಾ, ನಿಮ್ಮಪ್ಪ ಕುಡೀತಿರ್ಲಿಲ್ಲವ್ವ. ನಿಂಗಾಗಿದ್ದು ಅವರ ಆಣೆಯಿಂದಲ್ಲ…" ಫೋನನ್ನು ನನ್ನ ಕೈಗೆ ತುರುಕಿದರು.

ನಾನು ಸುಮಳಿಗೆ ಮೊದಲಿಂದ ಹೇಳಿದೆ. ಕೊನೆಗೆ ಅವಳು ಒಂದೇ ಪ್ರಶ್ನೆ ಕೇಳಿದಳು: "ರತ್ನಕ್ಕಾ, ಅಪ್ಪಂಗೆ ಇದು ಗೊತ್ತಿತ್ತಾ? ತನ್ನ ಕಾಲು ಯಾಕೆ ಹಂಗಾಯ್ತು ಅಂತ? ಇಲ್ಲ, ನನ್ನ ಕೂಸು ತನ್ನಿಂದ್ಲೇ ಹೋಯ್ತು ಅಂತ ನಂಬ್ಕಂಡೇ ಹೋದ್ರಾ?"

ನನಗೆ ಉತ್ತರ ಗೊತ್ತಿರಲಿಲ್ಲ ಮೇಸ್ತ್ರಿ. ಅದಕ್ಕೇ ಈ ಕಾಗದ. ಸುಮಳ ಕೂಸು ನಿಮ್ಮಿಂದ ಹೋಗಲಿಲ್ಲ.

ನಿಮ್ಮ
ರತ್ನ