ಮರೇತಾ ಗಟ್ಟಿಯಾಗಿ ಓದಿದ ಪುಟ

ಸವಾಯಿ ದ್ವೀಪ, ಸಮೋವಾ
ಸೆಪ್ಟೆಂಬರ್ ೧೨, ಗುರುವಾರ

ಪ್ರೀತಿಯ ಸಿಯೆನಿ ಅಕ್ಕನಿಗೆ,

ನಾನು ಸುಳ್ಳು ಹೇಳಿದೆ. ನಿಮ್ಮ ಮಗಳಿಗೆ ಆ ಪುಸ್ತಕ ಆರಿಸಿಕೊಟ್ಟವಳು ನಾನು. ಹೆಂಗಸರ ಸಮಿತಿಯ ಸಭೆಯಲ್ಲಿ ಎದ್ದು ನಿಂತು, "ಸಿಯೆನಿ ಅಕ್ಕನೇ ಆರಿಸ್ಕೊಂಡ್ರು, ನಾನು ಬೇಡ ಅಂದಿದ್ದೆ" ಎಂದವಳೂ ನಾನೇ.

ನೀವು ಆಗ ಚಾಪೆಗೆಂದು ಕೇದಗೆ ಗರಿ ಸೀಳುತ್ತಾ ಕೂತಿದ್ದಿರಿ. ತಲೆ ಎತ್ತಲಿಲ್ಲ. ಹಿಂದಿನ ಸಾಲಿನಿಂದ ಯಾರೋ, "ಇಂಗ್ಲಿಷ್ ಬರ್ದೇ ಇರೋಳಿಗೆ ಇಂಗ್ಲಿಷ್ ಪುಸ್ತಕದ ಚಪಲ ಬೇರೆ!" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ ಅಕ್ಕ. ಸುಳ್ಳಿಗಿಂತ ಆ ನಗುವೇ ನನ್ನನ್ನು ಹೆಚ್ಚು ಚುಚ್ಚುತ್ತಿದೆ. ನೀವು ಒಂದು ಮಾತು ಆಡಿದ್ದರೆ ಪುಸ್ತಕದ ಮೇಜಿನಿಂದ ನನ್ನನ್ನು ಆಗಲೇ ಎಬ್ಬಿಸುತ್ತಿದ್ದರು. ನೀವು ಆಡಲಿಲ್ಲ.

ನ್ಯೂಜಿಲೆಂಡಿನಿಂದ ನಮ್ಮವರು ಪುಸ್ತಕದ ಪೆಟ್ಟಿಗೆಗಳನ್ನು ಕಳಿಸಿದಾಗ ನಾನೇ ಮುಂದೆ ಬಿದ್ದು ಮೇಜು ಹಾಕಿಸಿದ್ದೆ. "ನಿಮ್ಮ ಮಗುವಿಗೆ ಯಾವ ಪುಸ್ತಕ? ಫುವಾತಿನೋಳನ್ನು ಕೇಳಿ" ಎಂದು ಬೋರ್ಡು ಬರೆದವಳೂ ನಾನೇ. ನನ್ನ ಬಿಸ್ಕತ್ತಿನ ಡಬ್ಬಿ ತುಂಬ ಕರಪತ್ರಗಳಿದ್ದವು. ಮಕ್ಕಳಿಗೆ ಏನು ಓದಿಸಬೇಕು, ಎಷ್ಟು ಹೊತ್ತು, ಯಾವ ವಯಸ್ಸಿಗೆ ಯಾವುದು, ಎಲ್ಲವೂ ಅದರಲ್ಲಿತ್ತು. ಮಕ್ಕಳಿಗೆ ಬೈಬಲ್ ಬಿಟ್ಟು ಬೇರೇನೂ ಕೊಡದ ತಾಯಂದಿರ ಮೇಲೆ ನನಗೆ ಸಿಟ್ಟಿತ್ತು. ನೀವೂ ಅಂಥವರೇ ಎಂದುಕೊಂಡಿದ್ದೆ.

ಆದರೆ ಆ ಶನಿವಾರ ನೀವು ಕೈ ಒರೆಸಿಕೊಂಡು ಮೇಜಿನ ಹತ್ತಿರ ಬಂದು ಕೇಳಿದ್ದು ಈಗಲೂ ಕಿವಿಯಲ್ಲಿದೆ. "ನೋಡಮ್ಮ, ಮರೇತಾಗೆ ಹನ್ನೊಂದು ತುಂಬ್ತು. ಬೈಬಲ್ ಕಥೆ ಎರಡು ಸಲ ಮುಗ್ಸಿದ್ದಾಳೆ. ಸಂಜೆ ಪ್ರಾರ್ಥನೆ ಆದ್ಮೇಲೆ ಅವ್ರಜ್ಜನ ಮುಂದೆ ಗಟ್ಟಿಯಾಗಿ ಓದೋಕೆ ಏನಾದ್ರೂ ಒಳ್ಳೇದು ಕೊಡು. ಒಳ್ಳೆ ಹುಡುಗಿ ಕಥೆ ಇರ್ಲಿ. ಅಕ್ಟೋಬರಲ್ಲಿ ಮಕ್ಕಳ ಭಾನುವಾರ ಬರತ್ತೆ, ಚರ್ಚಲ್ಲಿ ಎದ್ದು ಹೇಳೋಕೆ ಬಾಯಿ ತಿರುಗ್ಬೇಕು ಅವಳಿಗೆ."

ಇಷ್ಟು ವಿವರವಾಗಿ ಆ ಮೇಜಿಗೆ ಬಂದು ಕೇಳಿದ ತಾಯಿ ಬೇರೊಬ್ಬರಿಲ್ಲ. ಯಾವ ಹೊತ್ತಿಗೆ, ಯಾರ ಮುಂದೆ, ಯಾತಕ್ಕೆ, ಎಲ್ಲವನ್ನೂ ಹೇಳಿದಿರಿ. ನಾನು ಕೇಳಿಸಿಕೊಂಡದ್ದು ಹನ್ನೊಂದು ಎಂಬ ಅಂಕಿಯನ್ನು ಮಾತ್ರ. ಕೈಗೆ ಸಿಕ್ಕ ಪುಸ್ತಕದ ರಟ್ಟಿನ ಮೇಲೆ ಹೂಬಿಟ್ಟ ಮರದಡಿ ನಿಂತ ಹುಡುಗಿ. ಹಿಂದೆ, "ಹತ್ತು ದಾಟಿದ ಪ್ರತಿ ಹುಡುಗಿಗೂ" ಎಂಬ ಸಾಲು. ಎತ್ತಿ ಕೊಟ್ಟೆ.

"ನೀನು ಓದಿದ್ದೀಯ ತಾನೆ?" ಎಂದಿರಿ.

"ಹ್ಞೂಂ, ದಿನಾ ನಾಲ್ಕು ಪುಟ ಓದಿಸಿ. ಮನೇವ್ರೆಲ್ಲ ಕೂತು ಕೇಳ್ಬೇಕು" ಎಂದೆ. ನಾನು ಓದಿರಲಿಲ್ಲ.

ಆಮೇಲೆ ನಡೆದದ್ದು ನಿಮಗೆ ಗೊತ್ತು. ನಾನು ಊರವರ ಬಾಯಿಂದ ಕೇಳಿ ಜೋಡಿಸಿಕೊಂಡೆ. ಮೊದಲ ಪುಟಗಳಲ್ಲಿ ಹುಡುಗಿ, ಅವಳ ನಾಯಿ, ಅವಳ ಶಾಲೆ. ಹೋದ ವಾರದ ಮಂಗಳವಾರ ಓದಿದ ಪುಟದಲ್ಲಿ ಹುಡುಗಿಯರ ಮೈ ಹೇಗೆ ಬೆಳೆಯುತ್ತದೆ, ತಿಂಗಳ ದಿನಗಳೆಂದರೇನು ಎಂಬುದು. ಆ ಪುಟದಲ್ಲಿ ಅದಿದೆ ಎಂದು ನನಗೆ ಗೊತ್ತಿರಲಿಲ್ಲ. ಮರೇತಾ ಓದಿದಳು. ನ್ಯೂಜಿಲೆಂಡಿನಲ್ಲಿ ಇಪ್ಪತ್ತು ವರ್ಷ ದುಡಿದು ಬಂದ ನಿಮ್ಮ ಮಾವನಿಗೆ ಪ್ರತಿ ಮಾತೂ ಅರ್ಥವಾಯಿತು. ಹೈಸ್ಕೂಲಿಗೆ ಹೋಗುವ ನಿಮ್ಮ ಮಗ ಅಪೇಲುವಿಗೂ ಅರ್ಥವಾಯಿತು. ಅಣ್ಣನ ಕಿವಿಗೆ ತಂಗಿಯ ಬಾಯಿಂದ ಅಂಥ ಮಾತು ಬೀಳಬಾರದು ಎಂಬುದು ನಮ್ಮಲ್ಲಿ ನಡೆಯಲು ಕಲಿಯುವ ಮೊದಲೇ ಕಲಿಯುವ ಪಾಠ. ನೀವೊಬ್ಬರೇ, ಮಗಳು ತಡವರಿಸದೆ ಓದುತ್ತಿದ್ದಾಳೆಂದು, ನಗುತ್ತಾ ತಲೆದೂಗುತ್ತಿದ್ದಿರಂತೆ.

ಅಪೇಲು ಎದ್ದು ಹೊರಗೆ ಓಡಿದ. ಊರಿನ ಪ್ರಾರ್ಥನೆಯ ಹೊತ್ತು ಮುಗಿಯಿತೆಂಬ ಶಂಖ ಇನ್ನೂ ಊದಿರಲಿಲ್ಲ, ಅಲ್ಲಿವರೆಗೆ ಯಾರೂ ದಾರಿಗಿಳಿಯುವಂತಿಲ್ಲವಲ್ಲ. ದಾರಿ ಕಾಯುತ್ತಿದ್ದ ಯುವಕರು ಹಿಡಿದು, "ಯಾಕೋ ಓಡ್ತಿದ್ದೀಯ, ದೆವ್ವ ಕಂಡ್ಯಾ?" ಎಂದು ಕೇಳಿ ಮನೆಗೆ ಎಳೆತಂದಾಗ ನಿಮ್ಮ ಮಾವ ಪುಸ್ತಕ ಹಿಡಿದು ಕೂಗಾಡುತ್ತಿದ್ದರು. ಊರಿಗೆ ಗೊತ್ತಾದದ್ದು ಹಾಗೆ. ಅವನೀಗ ಚಿಕ್ಕಪ್ಪನ ಮನೆಯಲ್ಲಿ ಮಲಗುತ್ತಾನೆ. ಮರೇತಾ ಇನ್ನು ಇಂಗ್ಲಿಷ್ ಪುಸ್ತಕ ಮುಟ್ಟಕೂಡದು, ಮಕ್ಕಳ ಭಾನುವಾರ ಚರ್ಚಿನಲ್ಲಿ ಎದ್ದು ನಿಲ್ಲಕೂಡದು ಎಂದು ನಿಮ್ಮ ಮಾವ ಹೇಳಿದ್ದಾರೆ. ನನ್ನ ಸುಳ್ಳಿನ ಮೇಲೆ ನಿಂತ ತೀರ್ಪು ಅದು. ತಾಯಿಯೇ ಬೇಕೆಂದು ಆರಿಸಿದಳು ಎಂದು ಅವರು ನಂಬಿದ್ದಾರೆ.

ಹುಡುಗಿಯರು ಇದನ್ನೆಲ್ಲ ತಿಳಿಯಬೇಕು ಎಂಬ ನನ್ನ ಮಾತನ್ನು ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ ಅಕ್ಕ. ಪುಸ್ತಕ ಕೆಟ್ಟದ್ದಲ್ಲ. ನೀವಿಬ್ಬರೇ ಚಾಪೆ ಹೆಣೆಯುತ್ತಾ ಕೂತ ಮಧ್ಯಾಹ್ನ, ಮರೇತಾ ಓದಿ ನಿಮಗೆ ನಮ್ಮ ಭಾಷೆಯಲ್ಲಿ ಹೇಳಬೇಕಿದ್ದ ಪುಸ್ತಕ ಅದು. ಯಾವ ವಯಸ್ಸಿಗೆ ಯಾವ ಪುಸ್ತಕ ಎಂದು ಕರಪತ್ರದಲ್ಲಿತ್ತು. ಪಕ್ಕದಲ್ಲಿ ಯಾರು ಕೂತಿರುತ್ತಾರೆ ಎಂದು ಇರಲಿಲ್ಲ. ನೀವು ಅದನ್ನೇ ಹೇಳಿದ್ದಿರಿ.

ಮೊನ್ನೆ ಅಮ್ಮನ ಮುಂದೆ ಎಲ್ಲ ಒಪ್ಪಿಕೊಂಡೆ. ನಮ್ಮ ಹಿರಿಯರು ದೊಡ್ಡ ತಪ್ಪಿಗೆ ಕ್ಷಮೆ ಕೇಳುವಾಗ ಮಾಡುವಂತೆ, ನಿಮ್ಮ ಮನೆಯಂಗಳದಲ್ಲಿ ತಲೆ ಮೇಲೆ ಚಾಪೆ ಹೊದ್ದು ಕೂರುತ್ತೇನೆ ಎಂದೆ. ಅಮ್ಮ ಒಲೆಯಿಂದ ಕಣ್ಣು ತೆಗೆಯದೆ, "ನಿಂಗ್ಯಾವ ಚಾಪೆ ಇದೆಯೇ? ಒಂದಾದ್ರೂ ಹೆಣ್ದಿದ್ದೀಯಾ? ಆ ಡಬ್ಬಿಯಲ್ಲಿರೋ ಕಾಗದಗಳನ್ನೇ ಹೊದ್ಕೊ ಹೋಗು" ಎಂದಳು. ಆಮೇಲೆ ಮೆಲ್ಲಗೆ, "ಸುಳ್ಳು ಎಲ್ಲಿ ಹೇಳ್ದೆ? ಅಲ್ಲೇ ಹೋಗಿ ಎತ್ಕೋ" ಎಂದಳು.

ಹಾಗೇ ಮಾಡುತ್ತೇನೆ. ಅಧ್ಯಕ್ಷೆ ತಾಸೆ ದೊಡ್ಡಮ್ಮನಿಗೆ ಹೇಳಿದ್ದೇನೆ. ಅವರು "ನಿಂತ್ಕೊಂಡು ಹೇಳ್ಬೇಕು, ಗಟ್ಟಿಯಾಗಿ ಹೇಳ್ಬೇಕು, ಮಧ್ಯದಲ್ಲಿ ಅಳ್ಬಾರ್ದು" ಎಂದರು. ಅವರು ನಿಮ್ಮ ಮಾವನ ಅಕ್ಕ. ಅಕ್ಕನ ಮಾತನ್ನು ನಿಮ್ಮ ಮಾವ ಈವರೆಗೆ ಮೀರಿದ್ದಿಲ್ಲ. ನಾನು ಹೇಳಿದ್ದನ್ನು ದೊಡ್ಡಮ್ಮನೇ ತಮ್ಮನಿಗೆ ಮುಟ್ಟಿಸುತ್ತಾರೆ. ಸಮಿತಿ ಕರೆದಿರುವುದು ಈ ಶನಿವಾರ. ನೀವು ಬರಬೇಕು. ನನ್ನ ಮುಖ ನೋಡಬೇಕೆಂದಿಲ್ಲ, ಗರಿ ಸೀಳುತ್ತಲೇ ಕೂತಿರಿ.

ತಲೆ ಎತ್ತಲಾರದ ನಿಮ್ಮ
ಫುವಾತಿನೋ

ತಾ.ಕ.: ಆ ಪುಟದಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ ಎಂದು ಮೇಲೆ ಬರೆದಿದ್ದೇನೆ. ಆ ಸಾಲನ್ನು ಹೊಡೆದುಹಾಕಿ. ಅದರ ಹಿಂದಿನ ದಿನ ಸೋಮವಾರ ಶಾಲೆ ಬಿಟ್ಟ ಮೇಲೆ ಮರೇತಾ ಪುಸ್ತಕ ಹಿಡಿದು ಓಡಿ ಬಂದಿದ್ದಳು. "ಅಕ್ಕ, ನಾಳೆ ಈ ಪುಟ ಬರತ್ತೆ. ಅಣ್ಣ ಅಲ್ಲೇ ಕೂತಿರ್ತಾನೆ. ಇದನ್ನ ಬಿಟ್ಟು ಮುಂದಿಂದು ಓದ್ಲಾ?" ಎಂದು ಕೇಳಿದಳು. ನಾನು ಪುಟ ನೋಡಿದೆ. ನೋಡಿಯೂ, "ನಾಚ್ಕೋಬಾರ್ದು, ಒಂದು ಸಾಲೂ ಬಿಡ್ದೆ ಗಟ್ಟಿಯಾಗಿ ಓದು" ಎಂದೆ. "ಅಷ್ಟೂ ಗೊತ್ತಾಗ್ಲಿಲ್ವಾ ನಿಂಗೆ, ನಿಲ್ಲಿಸ್ಬಾರ್ದಿತ್ತಾ?" ಎಂದು ನೀವು ಅವಳಿಗೆ ಹೊಡೆದಿರಂತೆ. ಅವಳಿಗೆ ಗೊತ್ತಾಗಿತ್ತು ಅಕ್ಕ. ಪೆಟ್ಟು ತಿಂದರೂ ಅವಳು ನನ್ನ ಹೆಸರು ಹೇಳಲಿಲ್ಲ. ಇದನ್ನು ತಾಸೆ ದೊಡ್ಡಮ್ಮನಿಗೂ ಇನ್ನೂ ಹೇಳಿಲ್ಲ. ಎಲ್ಲರೆದುರು ಇದನ್ನೇ ಮೊದಲು ಹೇಳುತ್ತೇನೆ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಸಮಿತಿ ಮನೆಯಲ್ಲಿ.