ಹೂರಣಕ್ಕೆ ಬಿದ್ದ ಗೆಂಡೆ

31 ಮಾರ್ಚ್ 2025, ಸೋಮವಾರ

ಆತ್ಮಸಾಕ್ಷಿಯ ಮುಂದೆ ತಲೆಬಾಗಿ ಒಪ್ಪಿಕೊಳ್ಳುತ್ತೇನೆ: ಯುಗಾದಿ ಹೋಳಿಗೆಗೆಂದು ನನ್ನಾಕೆ ರುಬ್ಬಿ, ಉಳಿಸಿಟ್ಟಿದ್ದ ಹೂರಣವನ್ನು ಕದ್ದವನು ನಾನೇ. ವಾಸನೆಗೆ ಇಂಗು ಬೆರೆಸಿ, ಗಾಳಕ್ಕೆಂದು ಉಂಡೆ ಕಟ್ಟಿ, ಕೆಂಗೇರಿ ಆಚೆಯ ಕೆರೆಗೆ ಒಯ್ದೆ. ಯುಗಾದಿಯ ಮರುದಿನ, ಹೊಸತೊಡಕಿನಂದು, ಮಾಡಿದ್ದೇ ವರ್ಷವಿಡೀ ನಡೆಯುತ್ತದಂತೆ. ಆರು ಭಾನುವಾರ ಬರಿಗೈಲಿ ಬಂದವನಿಗೆ ಇಂದು ಮೀನು ಬೀಳಲೇಬೇಕಿತ್ತು.

"ನಿಮ್ಮನೆ ಹೂರಣ ತಿಂದ್ರೆ ಮೀನೂ ಸಸ್ಯಾಹಾರಿ ಆಗ್ಬಿಡುತ್ತೆ ಸಾರ್," ಎಂದು ಜೊತೆಗೆ ಬಂದಿದ್ದ ಎದುರುಮನೆಯ ಮುರುಗೇಶ್ ನಕ್ಕ.

"ಸುಮ್ನೆ ನೋಡ್ತಾ ಇರಪ್ಪಾ," ಎಂದೆ.

ತೇಲುತ್ತಿದ್ದ ಬೆಂಡು ಮುಳುಗಿತು, ಬಿದಿರುಕೋಲು ಬಿಲ್ಲಾಯಿತು. ಎರಡು ಕಿಲೋ ಗೆಂಡೆ ಮೀನನ್ನು ಒಬ್ಬನೇ ದಡಕ್ಕೆಳೆದೆ! ಸಂಜೆಯಿಂದ ಬೀದಿಗೆಲ್ಲ ಹೇಳಿದರೂ ಹಿಗ್ಗು ಇಳಿದಿಲ್ಲ.

ಹೇಳದೆ ಬಿಟ್ಟದ್ದಿಷ್ಟೇ. ಹುಟ್ಟಿದಾರಭ್ಯ ಮೀನು ಮುಟ್ಟದ ನಾನು, ಅದು ಒಮ್ಮೆ ಬಾಲ ಬಡಿದದ್ದಕ್ಕೇ ಕೋಲು ಬಿಸಾಡಿ ಏರಿಯ ಮೇಲಕ್ಕೆ ಓಡಿದೆ. ಗಾಳ ಬಿಡಿಸಿದವನು ಮುರುಗೇಶ್. "ಚೀಲಕ್ಕೆ ಹಾಕಿದೀನಿ, ಬನ್ನಿ ಸಾರ್" ಎಂದು ಅವನು ಮೂರು ಸಲ ಕೂಗಿದ ಮೇಲೇ ನಾನು ಕೆಳಗಿಳಿದದ್ದು.