ಅಳಿಸದೆ ಬಿಟ್ಟ ಪುಟಗಳು

ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಪುಟ್ಟಿ,

ನಿನ್ನ ಅಕ್ಕ ಕ್ಷೇಮ; ನೀನೂ ಕ್ಷೇಮವಾಗಿದ್ದೀಯ ಎಂದುಕೊಂಡೇ ಈ ಕಾಗದ ಬರೆಯಲು ಕೂತಿದ್ದೇನೆ. ನಿನ್ನ ಪತ್ರಕ್ಕೆ ಉತ್ತರ ಕೊಡಲು ಎರಡು ತಿಂಗಳು ಹಿಡಿಯಿತು, ಹೊಟ್ಟೆಗೆ ಹಾಕಿಕೋ. ಕೆಲಸ ಜಾಸ್ತಿ ಇತ್ತು ಎಂದರೆ ಅರ್ಧ ಸುಳ್ಳಾಗುತ್ತದೆ. ಫೋನಿನಲ್ಲೇ ಮಾತಾಡಬಹುದಿತ್ತು, ಆದರೆ ನಿನಗೆ ಬೇಡದ ಪ್ರಶ್ನೆ ಕೇಳಿದ ಕೂಡಲೇ ನಿಮ್ಮ ಬೀದಿಯಲ್ಲಿ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ಕಾಯಿಲೆ ಇಲ್ಲ.

ನೀನು ಕೊಟ್ಟ ಇಂಗ್ಲಿಷ್ ಪುಸ್ತಕದಿಂದ ಉಪಕಾರವಾಗಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಹೋಟೆಲಿನ ಲಾಂಡ್ರಿಯಲ್ಲಿ ಹದಿನೆಂಟು ವರ್ಷ ಬೆಡ್‌ಶೀಟಿಗೆ ಇಸ್ತ್ರಿ ಹಾಕಿದವಳಿಗೆ ಈಗ ಮಹಡಿಯ ಮೇಲ್ವಿಚಾರಕಿ ಆಗುವ ಅವಕಾಶ ಬಂದಿದೆ. ಅತಿಥಿಗಳ ಜೊತೆ ಇಂಗ್ಲಿಷಿನಲ್ಲಿ ಮಾತಾಡಲು ಬರಬೇಕಂತೆ. ಪಾಳಿ ಮುಗಿದ ಮೇಲೆ ನಾಲ್ಕು ಗಂಟೆಗೆ, ಟವೆಲ್ ಜೋಡಿಸುವ ಕೋಣೆಯಲ್ಲೇ ಪಾಠ. 'ಲುಕ್' ಎಂದರೆ ನೋಡು, ಸರಿ. 'ಲುಕ್ ಆಫ್ಟರ್' ಎಂದರೆ ಆರೈಕೆ ಮಾಡು. 'ಲುಕ್ ಡೌನ್ ಆನ್' ಎಂದರೆ ಕೀಳಾಗಿ ಕಾಣು. ಬಾಲ ಬದಲಾದರೆ ಪ್ರಾಣಿಯೇ ಬದಲು. ಇಂಗ್ಲಿಷಿನವರ ಕಡೆ ಮಳೆ ಜೋರಾದರೆ ಬೆಕ್ಕು ನಾಯಿ ಸುರಿಯುತ್ತವೆ ಎಂದು ಮನೆಯಲ್ಲಿ ಹೇಳಿದೆ. ಈ ವಯಸ್ಸಿನಲ್ಲಿ ನಿನಗೆ ಯಾಕೆ ಈ ಉಸಾಬರಿ ಎಂದು ನಿನ್ನ ಭಾವ ನಕ್ಕರು. ದಿನವಿಡೀ ನನ್ನ ತಲೆ ತಿನ್ನುವವರು ಬೆಕ್ಕು ನಾಯಿಗೆ ಯಾಕೆ ನಗಬೇಕು ಎಂದೆ.

ಈಗ ವಿಷಯಕ್ಕೆ ಬರುತ್ತೇನೆ. ಆ ಪುಸ್ತಕದಲ್ಲಿ ಪ್ರತಿ ನುಡಿಗಟ್ಟಿನ ಕೆಳಗೆ ಎರಡು ಗೆರೆ ಖಾಲಿ ಇವೆ, ನಿಮ್ಮ ಬದುಕಿನಲ್ಲಿ ನಿಜವಾಗಿ ನಡೆದದ್ದನ್ನೇ ಬರೆಯಿರಿ ಎಂದು. ನಮ್ಮ ಟೀಚರಮ್ಮನೂ ಹಾಗೇ ಹೇಳುತ್ತಾರೆ, ಸುಳ್ಳು ವಾಕ್ಯ ನಾಲಿಗೆಗೆ ಅಂಟುವುದಿಲ್ಲವಂತೆ. ನೀನು ಕಲಿಯುವಾಗ ಪೆನ್ಸಿಲಿನಲ್ಲಿ ಬರೆದಿದ್ದನ್ನು ನನಗೆ ಕೊಡುವ ಮೊದಲು ರಬ್ಬರಿನಿಂದ ಚೆನ್ನಾಗಿ ಉಜ್ಜಿದ್ದೀಯ. ಆದರೆ ನಲವತ್ತನೇ ಪುಟದವರೆಗೆ ಮಾತ್ರ. ಅಷ್ಟಕ್ಕೇ ಕೈ ಸೋತಿತೇ? ಅಥವಾ ಅಕ್ಕ ಅಲ್ಲಿವರೆಗೆ ಬರುವ ಪೈಕಿ ಅಲ್ಲ ಎಂದುಕೊಂಡೆಯಾ? ಹೊಲಿಗೆ, ಸಂಗೀತ, ಟೈಪಿಂಗ್ ಎಲ್ಲವನ್ನೂ ಅರ್ಧಕ್ಕೇ ಬಿಟ್ಟವಳು ನಾನು, ನಿನ್ನ ಅಂದಾಜಿನಲ್ಲಿ ತಪ್ಪಿಲ್ಲ. ಈ ಸಲ ಮಾತ್ರ ಬಿಡಲಿಲ್ಲ.

ನಲವತ್ತೊಂದನೇ ಪುಟದ ಮೂಲೆಯಲ್ಲಿ ನೀನು ಹಾಕಿದ ತಾರೀಖು ಅಮ್ಮ ತೀರಿಕೊಂಡ ವಾರದ್ದು. ನಿನ್ನ ಮನೆಯಲ್ಲಿ ಅವಳ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಪಾಠ ಬರೆಯುತ್ತಿದ್ದೆಯಲ್ಲ, ಆಗಿನದು. 'ಪುಟ್ ಆಫ್' ಎಂಬುದರ ಕೆಳಗೆ ಬರೆದಿದ್ದನ್ನು ಓದಲು ನನಗೆ ಮೂರು ದಿನ ಬೇಕಾಯಿತು. ಟೀಚರಮ್ಮನನ್ನು ಕೇಳಲಿಲ್ಲ. ಮನೆಯ ಮಾತು ಹೊರಗೆ ಹೋಗಬಾರದು ಎಂದು ಡಿಕ್ಷನರಿ ಇಟ್ಟುಕೊಂಡು ನಾನೇ ಬಿಡಿಸಿದೆ. ಅಮ್ಮ ಸೋಮವಾರದಿಂದ ಅಕ್ಕನನ್ನು ಕೇಳುತ್ತಿದ್ದಾಳೆ, ನಾನು ಫೋನ್ ಮಾಡುವುದನ್ನು ಮುಂದೂಡುತ್ತಿದ್ದೇನೆ ಎಂದು ಬರೆದಿದ್ದೀಯ.

ಅಮ್ಮ ಹೋದದ್ದು ಶುಕ್ರವಾರ. ಎರಡು ವರ್ಷದಿಂದ ನೀನು ನನಗೆ ಹೇಳುತ್ತಾ ಬಂದದ್ದು ಒಂದೇ ಮಾತು. "ನಿದ್ದೇಲೇ ಹೋಗ್ಬಿಟ್ಲು ಅಕ್ಕ, ಯಾರನ್ನೂ ಕರೆಯೋಕೆ ಹೊತ್ತೇ ಇರ್ಲಿಲ್ಲ." ಆ ಮಾತನ್ನು ಹಿಡಿದುಕೊಂಡೇ ನಾನು ಇಷ್ಟು ದಿನ ಸಮಾಧಾನವಾಗಿದ್ದೆ.

ಒಮ್ಮೆ ಸಂಶಯ ಹೊಕ್ಕರೆ ಹಳೆಯದೆಲ್ಲ ಬೇರೆಯೇ ಥರ ಕಾಣುತ್ತದೆ. ಅಮ್ಮ ಹೋದ ದಿನ ನಿನ್ನ ಪಕ್ಕದ ಮನೆಯ ನರ್ಸಮ್ಮ ನನ್ನ ಕೈ ಹಿಡಿದು, "ನಿಮ್ಮಮ್ಮ ನಿಮ್ಮನ್ನ..." ಎಂದು ಶುರುಮಾಡಿದಾಗ ನೀನು ಅವರನ್ನು ನೀರು ತರಲು ಅಡುಗೆಮನೆಗೆ ಅಟ್ಟಿದೆ. ಮನೆ ತುಂಬ ಜನ ಇರುವಾಗ ನೀರು ತರಲು ಅವರೇ ಬೇಕಿತ್ತಾ? ಮೂರು ದಿನ ನನ್ನ ಮುಖ ನೋಡದೆ ಪಾತ್ರೆ ತೊಳೆದೆ, ತೊಳೆದದ್ದನ್ನೇ ತೊಳೆದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ. ನನ್ನ ಜೊತೆ ಬೆಡ್‌ಶೀಟ್ ಮಡಿಸುವ ಗೆಳತಿಗೆ ಬೇರೆ ಯಾರದೋ ಕಥೆ ಎಂಬಂತೆ ಹೇಳಿದೆ. ಆ ತಂಗಿಗೆ ತಾಯಿ ಪೂರ್ತಿ ತನಗೊಬ್ಬಳಿಗೇ ಬೇಕಾಗಿತ್ತೇನೋ ಎಂದಳು. ಅವಳ ಮೇಲೆ ರೇಗಿದೆ. ಆಮೇಲೆ ವಾರವೆಲ್ಲ ಅದನ್ನೇ ಮೆಲುಕು ಹಾಕಿದೆ. ಆರೈಕೆ ಮಾಡಿದ ಮಗಳು ಎಂದು ಎಲ್ಲರೂ ಹೊಗಳಿದ್ದು ನಿನ್ನನ್ನೇ. ಹೆಣ ನೋಡಲು ಬಂದ ಮಗಳು ನಾನು.

ನಾನು ಬಂದಿದ್ದರೆ ಏನು ಕಡಿಮೆಯಾಗುತ್ತಿತ್ತು ನಿನಗೆ? ನಾಲ್ಕು ಗಂಟೆಯ ಬಸ್ ದಾರಿ. ಸುತ್ತಿ ಬಳಸಿ ಬರೆಯಬೇಡ. ಅಮ್ಮ ನನ್ನನ್ನು ಕೇಳಿದಳೋ ಇಲ್ಲವೋ? ಕೇಳಿದ್ದರೆ ನೀನು ಯಾಕೆ ಕರೆಯಲಿಲ್ಲ? ನನಗೆ ತುಂಬಾ ನೋವಾಗಿದೆ, ಪುಟ್ಟಿ.

ಏನೇ ಆದರೂ ನನ್ನ ಬೆನ್ನಿಗೆ ಬಿದ್ದವಳು ನೀನು. ಸಿಟ್ಟಿದೆ ಎಂದು ಹಾರೈಕೆಯಲ್ಲಿ ಕಡಿಮೆ ಮಾಡುವುದಿಲ್ಲ. ಸೊಂಟನೋವು ಬೇಗ ವಾಸಿಯಾಗಲಿ, ಭಾರ ಎತ್ತಬೇಡ. ಮಕ್ಕಳು ಚೆನ್ನಾಗಿ ಓದಲಿ, ಅವರಿಗೆ ದೊಡ್ಡಮ್ಮನ ಮುತ್ತುಗಳು.

ಇತಿ,
ನಿನ್ನ ಅಕ್ಕ

ವಿ.ಸೂ. ಬುಧವಾರ. ಅಂಟಿಸಿದ್ದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಸಿಟ್ಟಿನಲ್ಲಿ ಮುಂದಿನ ಪುಟ ತಿರುವಿ ನೋಡುವ ತಾಳ್ಮೆಯೂ ನನಗಿರಲಿಲ್ಲ. ಇವತ್ತು ಪಾಠವೇ ಅಲ್ಲಿಗೆ ಬಂತು. 'ಹ್ಯಾಂಗ್ ಅಪ್', ಅಂದರೆ ಫೋನ್ ಇಟ್ಟುಬಿಡುವುದು. ಅದರ ಕೆಳಗೆ ನೀನು ಬರೆದದ್ದನ್ನು ಓದಲು ನನಗೆ ಡಿಕ್ಷನರಿ ಬೇಕಾಗಲಿಲ್ಲ. "ಬುಧವಾರ ಅಕ್ಕನಿಗೆ ಫೋನ್ ಮಾಡಿದೆ. ಅಮ್ಮ ಕೆಮ್ಮಿದಾಗಲೆಲ್ಲ ನನ್ನನ್ನು ಕರೆಯಬೇಡ, ಕೆಲಸದಲ್ಲಿದ್ದೇನೆ ಎಂದು ಅಕ್ಕ ಇಟ್ಟುಬಿಟ್ಟಳು."

ನೆನಪಾಯಿತು. ಇಸ್ತ್ರಿ ಮೆಶಿನ್ನಿಗೆ ಶೀಟು ಸಿಕ್ಕಿಕೊಂಡು ಸುಟ್ಟ ವಾಸನೆ ಬರುತ್ತಿತ್ತು, ಮೇಲ್ವಿಚಾರಕ ಕೂಗಾಡುತ್ತಿದ್ದ. ಅಂಥ ಫೋನ್ ನಿನ್ನಿಂದ ಎಷ್ಟೋ ಬಂದಿದ್ದವು, ಎಲ್ಲಕ್ಕೂ ನಾನು ಹಾಗೇ ಹೇಳಿರಬೇಕು. ಕರೆಯಲು ನೀನು ಯಾಕೆ ಹೆದರಿದೆ ಎಂದೂ, ನಿದ್ದೆಯಲ್ಲೇ ಹೋದಳು ಎಂಬ ಸುಳ್ಳು ಯಾರಿಗೋಸ್ಕರ ಎಂದೂ ಈಗ ಗೊತ್ತಾಯಿತು.

ಮೇಲೆ ಬರೆದದ್ದನ್ನು ಹರಿದು ಹಾಕುವುದಿಲ್ಲ. ನಿನ್ನ ಬಗ್ಗೆ ನಾನು ಏನೇನು ಯೋಚಿಸಿದೆ ಎಂದು ನಿನಗೆ ಗೊತ್ತಿರಲಿ. ಅಲ್ಲಿ ಕೇಳಿದ ಯಾವುದಕ್ಕೂ ಉತ್ತರ ಬೇಡ. ಒಂದೇ ಒಂದನ್ನು ಮಾತ್ರ, ನನ್ನ ಮೇಲೆ ಕನಿಕರ ತೋರಿಸದೆ, ಇದ್ದ ಹಾಗೆ ಬರೆ. ಅವತ್ತು ನಾನು ಹಾಗೆ ಹೇಳುವಾಗ ಫೋನ್ ನಿನ್ನ ಕಿವಿಯ ಹತ್ತಿರ ಇತ್ತೋ, ಅಮ್ಮನ ಕಿವಿಯ ಹತ್ತಿರ ಇತ್ತೋ?